ಹಳೆಯ ಗಾಲ್ಫ್ ಕೋರ್ಸನ್ನು ಓದುವ ಬಗೆ: ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಹಿಮ್ಮುಖ ನಡಿಗೆ

ಸ್ಕಾಟ್ಲೆಂಡಿಗೆ ಹೋಗಿಬಂದ ಓದುಗರು ನನಗೆ ಮತ್ತೆ ಮತ್ತೆ ಬರೆದು ಕೇಳುವ ಪ್ರಶ್ನೆ ಒಂದಿದೆ. ಸೇಂಟ್ ಆಂಡ್ರೂಸ್ ಊರಿನ ಓಲ್ಡ್ ಕೋರ್ಸನ್ನು ನೋಡಿದೆವು, ಕಲ್ಲಿನ ಪುಟ್ಟ ಸೇತುವೆಯ ಮೇಲೆ ನಿಂತು ಚಿತ್ರ ತೆಗೆಸಿಕೊಂಡೆವು, ಆದರೆ ಮರವಿಲ್ಲದ, ಕೆರೆಯಿಲ್ಲದ, ಬೋಳು ಬಯಲಿನಂತಿರುವ ಆ ನೆಲವನ್ನು ಗಾಲ್ಫ್ ವಿನ್ಯಾಸಕಾರರೆಲ್ಲ ಏಕೆ ಅಷ್ಟು ಗೌರವದಿಂದ ಕಾಣುತ್ತಾರೆಂಬುದು ತಿಳಿಯಲಿಲ್ಲ ಎನ್ನುತ್ತಾರೆ. ಹೀಗೆ ಅನಿಸುವುದರಲ್ಲಿ ತಪ್ಪೇನಿಲ್ಲ. 1946ರಲ್ಲಿ ಅಮೆರಿಕದ ಸ್ಯಾಮ್ ಸ್ನೀಡ್ ರೈಲಿನ ಕಿಟಕಿಯಿಂದ ಇದೇ ಕೋರ್ಸನ್ನು ಮೊದಲ ಬಾರಿ ಕಂಡಾಗ ಯಾವುದೋ ಪಾಳುಬಿದ್ದ ಗಾಲ್ಫ್ ಮೈದಾನ ಎಂದು ಭಾವಿಸಿದ್ದರು, ಮತ್ತು ಅಲ್ಲಿಯೇ ಆ ವರ್ಷದ ಓಪನ್ ಚಾಂಪಿಯನ್‌ಷಿಪ್ ಎಂಬ ದೊಡ್ಡ ಗಾಲ್ಫ್ ಸ್ಪರ್ಧೆಯನ್ನು ಗೆದ್ದರು.

ಓಲ್ಡ್ ಕೋರ್ಸಿನ ಸೊಗಸು ನೋಟದಲ್ಲಿಲ್ಲ, ಅದು ಆಟಗಾರನ ಮುಂದಿಡುವ ಆಯ್ಕೆಗಳಲ್ಲಿದೆ. ಆ ಆಯ್ಕೆಗಳು ಟೀಯ ಮೇಲೆ ನಿಂತವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಅವು ಕಾಣಬೇಕಾದರೆ ಕುಳಿಯ ಕಡೆಯಿಂದ ಟೀಯ ಕಡೆಗೆ, ಅಂದರೆ ಕೊನೆಯಿಂದ ಮೊದಲಿಗೆ ನಡೆಯಬೇಕು. ಆ ನಡಿಗೆಯನ್ನು ಹಂತಹಂತವಾಗಿ ಇಲ್ಲಿ ವಿವರಿಸಿದ್ದೇನೆ. ಗಾಲ್ಫ್ ಆಡಲು ಬಾರದವರೂ ಇದನ್ನು ಅನುಸರಿಸಬಹುದು.

ಮೊದಲು ಕೆಲವು ಪದಗಳು

ಆಟ ಆರಂಭವಾಗುವ ಸಣ್ಣ ಸಮತಟ್ಟು ಜಾಗವೇ ಟೀ. ಅಲ್ಲಿಂದ ಮುಂದಕ್ಕೆ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿದ ಹಾದಿಗೆ ಫೇರ್‌ವೇ ಎಂದೂ, ಅದರ ಅಂಚಿನಲ್ಲಿ ಬೆಳೆಯಲು ಬಿಟ್ಟ ಹುಲ್ಲಿಗೆ ರಫ್ ಎಂದೂ, ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸಿಗೆ ಗ್ರೀನ್ ಎಂದೂ ಹೆಸರು. ಮರಳು ತುಂಬಿದ ಗುಂಡಿ ಬಂಕರ್. ಟೀಯಿಂದ ಕುಳಿಯವರೆಗಿನ ಇಡೀ ಹಾದಿಯನ್ನು ಹೋಲ್ ಎನ್ನುತ್ತಾರೆ. ಗೊಂದಲವಾಗದಿರಲೆಂದು ಈ ಲೇಖನದಲ್ಲಿ ಚೆಂಡು ಬೀಳುವ ತೂತನ್ನು ಮಾತ್ರ ಕುಳಿ ಎಂದು ಕರೆದಿದ್ದೇನೆ. ಒಂದು ಹೋಲನ್ನು ನುರಿತ ಆಟಗಾರ ಎಷ್ಟು ಹೊಡೆತಗಳಲ್ಲಿ ಮುಗಿಸಬೇಕೆಂಬ ಎಣಿಕೆ ಪಾರ್. ಆಟದ ಗಡಿಯ ಹೊರಗಿನ ನೆಲ ಔಟ್ ಆಫ್ ಬೌಂಡ್ಸ್. ಚೆಂಡು ಅಲ್ಲಿಗೆ ಹೋದರೆ ಒಂದು ಹೊಡೆತದ ದಂಡ ತೆತ್ತು ಮೊದಲಿದ್ದ ಜಾಗದಿಂದಲೇ ಮತ್ತೆ ಹೊಡೆಯಬೇಕು. ಲಿಂಕ್ಸ್ ಎಂದರೆ ಕಡಲತೀರಕ್ಕೂ ಉಳುವ ಹೊಲಕ್ಕೂ ನಡುವೆ ಸಿಗುವ, ಬೇಸಾಯಕ್ಕೆ ಒಗ್ಗದ, ಉಬ್ಬುತಗ್ಗಿನ ಮರಳು ನೆಲ. ಎಲ್ಲ ಗಾಲ್ಫ್ ಕೋರ್ಸನ್ನೂ ಲಿಂಕ್ಸ್ ಎಂದು ಕರೆಯುವುದು ರೂಢಿಯಲ್ಲಿದ್ದರೂ ಸರಿಯಲ್ಲ.

ಏನೇನು ಬೇಕು

ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಒಂದು ಭಾನುವಾರ. ಓಲ್ಡ್ ಕೋರ್ಸ್ ಖಾಸಗಿ ಕ್ಲಬ್ಬಿನ ಆಸ್ತಿಯಲ್ಲ, ಅದು ಸಾರ್ವಜನಿಕ ನೆಲ. ಆ ಬಯಲಿನ ಮೇಲೆ ಊರಿನವರಿಗಿರುವ ಹಕ್ಕನ್ನು 1552ರ ಒಂದು ಸನ್ನದೇ ಗುರುತಿಸಿದೆ. 1974ರಿಂದ ಅದರ ಆಡಳಿತವನ್ನು ಸೇಂಟ್ ಆಂಡ್ರೂಸ್ ಲಿಂಕ್ಸ್ ಟ್ರಸ್ಟ್ ನಡೆಸುತ್ತಿದೆ. ದೊಡ್ಡ ಸ್ಪರ್ಧೆಗಳ ದಿನಗಳನ್ನು ಬಿಟ್ಟರೆ ಭಾನುವಾರ ಅಲ್ಲಿ ಆಟವಿರುವುದಿಲ್ಲ. ಊರಿನವರು ನಾಯಿಗಳನ್ನು ಕರೆದುಕೊಂಡು, ಮಕ್ಕಳ ಕೈಹಿಡಿದು ಫೇರ್‌ವೇಗಳ ಮೇಲೆ ತಿರುಗಾಡುತ್ತಾರೆ. ನೀವೂ ಹಾಗೆಯೇ ನಡೆಯಬಹುದು. ಹೊರಡುವ ಮುನ್ನ ಆ ಭಾನುವಾರ ಸ್ಪರ್ಧೆಯೇನೂ ಇಲ್ಲವೆಂಬುದನ್ನು ಟ್ರಸ್ಟಿನ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ. ಸೇಂಟ್ ಆಂಡ್ರೂಸ್‌ಗೆ ರೈಲಿಲ್ಲ. ಎಡಿನ್‌ಬರಾದಿಂದ ಸುಮಾರು ಒಂದು ಗಂಟೆ ರೈಲಿನಲ್ಲಿ ಲೂಕರ್ಸ್ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ಬಸ್ ಹಿಡಿಯಬೇಕು.

ನೀರು ಹಿಡಿಯದ, ಅಡಿ ಸಮತಟ್ಟಾದ ಶೂ, ಗಾಳಿ ತಡೆಯುವ ಜಾಕೆಟ್, ಕೋರ್ಸಿನ ಒಂದು ನಕ್ಷೆ, ಒಂದು ಟಿಪ್ಪಣಿ ಪುಸ್ತಕ, ನಾಲ್ಕು ಗಂಟೆಗಳ ಬಿಡುವು ಇವಿಷ್ಟಿದ್ದರೆ ಸಾಕು. ನಡಿಗೆ ಏಳೆಂಟು ಕಿಲೋಮೀಟರ್ ಆಗುತ್ತದೆ. ಬೆಳಗಿನ ಅಥವಾ ಸಂಜೆಯ ಹೊತ್ತನ್ನೇ ಆರಿಸಿಕೊಳ್ಳಿ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ನೆಲದ ಸಣ್ಣ ಏರಿಳಿತಗಳಿಗೆ ನೆರಳು ಹುಟ್ಟುತ್ತದೆ. ನಡುಮಧ್ಯಾಹ್ನ ಅದೇ ನೆಲ ಚಾಪೆ ಹಾಸಿದಂತೆ ಕಾಣುತ್ತದೆ. ನಿರಾಸೆಯಿಂದ ಬರೆದವರಲ್ಲಿ ಅನೇಕರು ಪ್ರವಾಸಿ ಬಸ್ಸಿನಲ್ಲಿ ಮಧ್ಯಾಹ್ನ ಹೋಗಿ ಅರ್ಧ ಗಂಟೆ ಇದ್ದು ಬಂದವರು.

ಹಂತ 1: ಮನೆಯಲ್ಲೇ ನಕ್ಷೆಯನ್ನು ಅರಿತುಕೊಳ್ಳಿ

ಉಪಗ್ರಹ ಚಿತ್ರದಲ್ಲಿ ಓಲ್ಡ್ ಕೋರ್ಸ್ ಕುರಿಗಾಹಿಯ ಕೊಕ್ಕೆಗೋಲಿನ ಹಾಗೆ ಕಾಣುತ್ತದೆ. ಊರಿನ ಅಂಚಿನಿಂದ ಈಡನ್ ಅಳಿವೆಯವರೆಗೆ ಒಂದು ಕಿರಿದಾದ ಪಟ್ಟಿ ಚಾಚಿಕೊಂಡಿದ್ದು, ತುದಿಯಲ್ಲಿ ಬಾಗಿ ಮತ್ತೆ ಊರಿನ ಕಡೆಗೇ ತಿರುಗುತ್ತದೆ. ಹಿಂದೆ ಹೋಗುವಾಗಲೂ ಬರುವಾಗಲೂ ಒಂದೇ ಹಾದಿ, ಅವೇ ಕುಳಿಗಳು ಇದ್ದವು. ಒಂದು ಸುತ್ತಿಗೆ 22 ಹೋಲ್ ಆಡುತ್ತಿದ್ದರು. 1764ರಲ್ಲಿ ಮೊದಲ ನಾಲ್ಕು ಹೋಲ್‌ಗಳು ತೀರ ಚಿಕ್ಕವೆನಿಸಿ ಅವನ್ನು ಎರಡಾಗಿ ಕೂಡಿಸಿದ್ದರಿಂದ, ಹೋಗುವಾಗ ಎರಡು, ಬರುವಾಗ ಎರಡು ಕಡಿಮೆಯಾಗಿ ಸುತ್ತು 18ಕ್ಕೆ ಇಳಿಯಿತು. ಇಂದು ಜಗತ್ತಿನೆಲ್ಲೆಡೆ ಒಂದು ಸುತ್ತಿಗೆ 18 ಹೋಲ್ ಇರುವುದರ ಮೂಲ ಇದೇ. ಮುಂದೆ ಆಟಗಾರರ ಸಂಖ್ಯೆ ಹೆಚ್ಚಿ, ಹೋಗುವವರೂ ಬರುವವರೂ ಎದುರುಬದುರಾಗತೊಡಗಿದಾಗ ಫೇರ್‌ವೇಗಳನ್ನು ಅಗಲಗೊಳಿಸಿ, ಗ್ರೀನ್‌ಗಳನ್ನು ಹಿಗ್ಗಿಸಿ, ಒಂದೊಂದರಲ್ಲಿ ಎರಡೆರಡು ಕುಳಿ ತೋಡಿದರು. ಹೀಗೆ ಹುಟ್ಟಿದ ಜೋಡಿ ಗ್ರೀನ್‌ಗಳು ಏಳು. ಜೋಡಿಯಾದ ಹೋಲ್‌ಗಳ ಸಂಖ್ಯೆಗಳನ್ನು ಕೂಡಿದರೆ ಪ್ರತಿ ಬಾರಿಯೂ 18 ಬರುತ್ತದೆ: 2ಕ್ಕೆ 16, 3ಕ್ಕೆ 15, 5ಕ್ಕೆ 13, ಹೀಗೆ. 1, 9, 17 ಮತ್ತು 18ಕ್ಕೆ ಮಾತ್ರ ಪ್ರತ್ಯೇಕ ಗ್ರೀನ್‌ಗಳಿವೆ. ಹೋಗುವ ಹೋಲ್‌ಗಳ ಬಾವುಟ ಬಿಳಿ, ಬರುವವುಗಳದು ಕೆಂಪು.

ಈ ಇತಿಹಾಸದಲ್ಲಿ ನಮ್ಮ ಕೆಲಸಕ್ಕೆ ಬೇಕಾದ ಮುಖ್ಯ ಸಂಗತಿ ಇನ್ನೊಂದಿದೆ. ಇಂದು ಈ ಕೋರ್ಸನ್ನು ಅಪ್ರದಕ್ಷಿಣವಾಗಿ ಆಡುತ್ತಾರೆ, ಹಿಂದೆ ಪ್ರದಕ್ಷಿಣವಾಗಿಯೂ ಆಡುತ್ತಿದ್ದರು. ಮೊದಲ ಟೀಯಿಂದ ಈಗಿನ 17ನೇ ಗ್ರೀನಿಗೆ ಹೊಡೆದು, ಅಲ್ಲಿಂದ 16ರದಕ್ಕೆ ಹೋಗುವ ಕ್ರಮ ಅದು. ನಾನು ಸೂಚಿಸುವ ಹಿಮ್ಮುಖ ನಡಿಗೆ ಬರಿಯ ಉಪಾಯವಲ್ಲ, ಕೋರ್ಸಿನ ಹಳೆಯ ದಿಕ್ಕೇ ಅದು. ಅಲ್ಲಿನ ಕೆಲವು ಬಂಕರುಗಳು ಆ ದಿಕ್ಕಿನಿಂದ ಬರುವವರಿಗಾಗಿಯೇ ಇವೆ.

ಎಚ್ಚರಿಕೆ: ಓಲ್ಡ್ ಕೋರ್ಸಿನ ವಿನ್ಯಾಸಕಾರ ಯಾರೆಂದು ಹುಡುಕುತ್ತ ಕೂರಬೇಡಿ, ಹಾಗೆ ಹೇಳಬಹುದಾದ ಒಬ್ಬರಿಲ್ಲ. ಗಾಳಿ, ಮರಳು, ಮೇಯುವ ಕುರಿ, ಬಿಲ ತೋಡುವ ಮೊಲ ಮತ್ತು ಶತಮಾನಗಳ ಆಟಗಾರರ ಕಾಲು ಸೇರಿ ಮೂಡಿಸಿದ ನೆಲ ಅದು. 19ನೇ ಶತಮಾನದಲ್ಲಿ ಅದನ್ನು ಅಗಲಗೊಳಿಸಿದ ಅಲನ್ ರಾಬರ್ಟ್‌ಸನ್, ಆಮೇಲೆ 1865ರಿಂದ ಸುಮಾರು ನಾಲ್ಕು ದಶಕ ಅದರ ಪಾಲಕರಾಗಿ ಮೊದಲ ಹಾಗೂ 18ನೇ ಗ್ರೀನ್‌ಗಳನ್ನು ಕಟ್ಟಿದ ಓಲ್ಡ್ ಟಾಮ್ ಮಾರಿಸ್, ಈ ಇಬ್ಬರ ಹೆಸರು ನೆನಪಿದ್ದರೆ ಸಾಕು.

ಹಂತ 2: ಕಾಲಿನಿಂದ ನೆಲವನ್ನು ತಿಳಿಯಿರಿ

ಕೋರ್ಸನ್ನು ಅಡ್ಡಹಾಯುವ ಗ್ರಾನಿ ಕ್ಲಾರ್ಕ್ಸ್ ವಿಂಡ್ ಎಂಬ ಸಾರ್ವಜನಿಕ ರಸ್ತೆಯ ಬಳಿ ಫೇರ್‌ವೇಗೆ ಇಳಿದು ನೂರು ಹೆಜ್ಜೆ ಸುಮ್ಮನೆ ನಡೆಯಿರಿ. ಕಾಲಡಿಯ ನೆಲ ಗಟ್ಟಿಯಾಗಿ, ಒಣಗಿದಂತೆ ತೋರುತ್ತದೆ. ಕೆಳಗೆ ಮರಳಿರುವುದರಿಂದ ಮಳೆನೀರು ನಿಲ್ಲದೆ ಇಂಗಿಹೋಗುತ್ತದೆ, ಮೇಲೆ ಫೆಸ್ಕ್ಯೂ ಎಂಬ ಸೂಜಿಯೆಸಳಿನ ಹುಲ್ಲು ತೆಳುವಾಗಿ ಹಬ್ಬಿರುತ್ತದೆ. ಇಂಥ ನೆಲದ ಮೇಲೆ ಬಿದ್ದ ಚೆಂಡು ನಿಲ್ಲುವುದಿಲ್ಲ, ಪುಟಿದು ಬಹುದೂರ ಉರುಳುತ್ತದೆ. ಉರುಳುವ ಚೆಂಡಿಗೆ ಅಂಗೈಯಗಲದ ಉಬ್ಬೂ ಗುಡ್ಡವೇ. ಓಲ್ಡ್ ಕೋರ್ಸಿನ ವಿನ್ಯಾಸವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಇನ್ನು ಗಾಳಿ. ಹೊರಡುವಾಗ ಅದು ಯಾವ ಕಡೆಯಿಂದ ಬೀಸುತ್ತಿದೆ ಎಂದು ಬರೆದುಕೊಳ್ಳಿ. ಕೊಕ್ಕೆಯ ಆಕಾರದಿಂದಾಗಿ ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಮುಖಕ್ಕೆ ಬಡಿಯುತ್ತದೆ, ಆ ದಿನ ಯಾವ ಬಂಕರಿಗೆ ಬೆಲೆ, ಯಾವುದಕ್ಕೆ ಇಲ್ಲ ಎಂಬುದನ್ನು ಅದೇ ನಿರ್ಧರಿಸುತ್ತದೆ.

ಹಂತ 3: 18ನೇ ಗ್ರೀನಿನಿಂದ ನಡಿಗೆ ಆರಂಭಿಸಿ

ಗ್ರೀನಿನ ಹಿಂಬದಿಯಲ್ಲಿ, ಅದರ ಅಂಚಿನ ಹೊರಗೆ ನಿಂತು ಟೀಯ ಕಡೆ ನೋಡಿ. ನಿಮ್ಮ ಮುಂದಿರುವ ಬಯಲು 1 ಮತ್ತು 18ನೇ ಹೋಲ್‌ಗಳೆರಡಕ್ಕೂ ಸೇರಿದ್ದು. ಅದರ ಅಗಲ ಸುಮಾರು 130 ಗಜ. ಒಂದೂ ಬಂಕರಿಲ್ಲ. ಇಷ್ಟು ಸುಲಭದ ಹೋಲ್ ಕೊನೆಯಲ್ಲೇಕೆ ಎನಿಸಿದರೆ ಗ್ರೀನಿನ ಮುಂಭಾಗಕ್ಕೆ ಬನ್ನಿ. ಅಲ್ಲಿ, ಆಟಗಾರನ ಎಡಗಡೆಗೆ, ಪಾಪದ ಕಣಿವೆ ಎಂಬರ್ಥದ ವ್ಯಾಲಿ ಆಫ್ ಸಿನ್ ಎಂಬ ತಗ್ಗಿದೆ. ಅದರೊಳಗಿಳಿದು ನಿಂತು ಕುಳಿಯ ಕಡೆ ತಿರುಗಿದರೆ ಬಾವುಟದ ಬುಡ ಕಣ್ಣಿನ ಮಟ್ಟಕ್ಕೆ ಏರಿದಂತಾಗುತ್ತದೆ. ಹೊಡೆತ ಒಂದಿಷ್ಟು ಕಡಿಮೆಯಾದರೂ ಚೆಂಡು ಹಿಂದಕ್ಕುರುಳಿ ಈ ತಗ್ಗಿಗೆ ಬರುತ್ತದೆ. 1995ರ ಓಪನ್‌ನಲ್ಲಿ ಇಟಲಿಯ ಕೊಸ್ಟಾಂಟಿನೊ ರೊಕ್ಕ ಇಲ್ಲಿಂದಲೇ ಸುಮಾರು 65 ಅಡಿ ದೂರ ಚೆಂಡನ್ನು ಉರುಳಿಸಿ ಕುಳಿ ಸೇರಿಸಿ ಸಮಬಲ ಸಾಧಿಸಿದರು, ಬಳಿಕ ಗೆಲುವು ನಿರ್ಧರಿಸಲು ನಡೆದ ಹೆಚ್ಚುವರಿ ಆಟವಾದ ಪ್ಲೇಆಫ್‌ನಲ್ಲಿ ಜಾನ್ ಡಾಲಿಗೆ ಸೋತರು. ನೀರಿಲ್ಲದೆ, ಮರಳಿಲ್ಲದೆ, ಬರಿಯ ನೆಲದ ಬಾಗಿನಿಂದಲೇ ಒಂದು ಹೋಲನ್ನು ಕಾಯಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಮುಂದೆ ಸ್ವಿಲ್ಕನ್ ತೊರೆಯ ಮೇಲಿನ ಕಲ್ಲುಸೇತುವೆ ಸಿಗುತ್ತದೆ. 2023ರಲ್ಲಿ ಪ್ರವಾಸಿಗರ ತುಳಿತಕ್ಕೆ ಅದರ ಬುಡದ ಹುಲ್ಲು ಸವೆಯುತ್ತಿದೆಯೆಂದು ಸುತ್ತ ಕಲ್ಲು ಹಾಸಿದಾಗ ಎಲ್ಲೆಡೆಯಿಂದ ಆಕ್ಷೇಪ ಬಂದು ಕೆಲವೇ ದಿನಗಳಲ್ಲಿ ಅದನ್ನು ಕಿತ್ತುಹಾಕಬೇಕಾಯಿತು. ಚಿತ್ರ ತೆಗೆಸಿಕೊಂಡು ಬೇಗ ಮುಂದೆ ಸಾಗಿ. ನೋಡಬೇಕಾದದ್ದು ಇನ್ನು ಮುಂದಿದೆ.

ಹಂತ 4: 17ರಲ್ಲಿ ಅರ್ಧ ಗಂಟೆ ಕಳೆಯಿರಿ

ಸಮಯ ಕಡಿಮೆಯಿದ್ದರೆ ಉಳಿದದ್ದನ್ನೆಲ್ಲ ಬಿಟ್ಟರೂ ಈ ಹೋಲನ್ನು ಬಿಡಬೇಡಿ. ಇದರ ಹೆಸರು ರೋಡ್ ಹೋಲ್, ಪಾರ್ 4. ಮೊದಲು ಗ್ರೀನಿನ ಹಿಂಬದಿಯ ರಸ್ತೆಗೆ ಹೋಗಿ. ಆ ಡಾಂಬರು ರಸ್ತೆಯೂ ಅದರಾಚೆಯ ಕಲ್ಲುಗೋಡೆಯೂ ಆಟದ ಭಾಗಗಳೇ. ಚೆಂಡು ರಸ್ತೆಯ ಮೇಲೆ ನಿಂತರೆ ಅಲ್ಲಿಂದಲೇ ಹೊಡೆಯಬೇಕು. 1984ರಲ್ಲಿ ಟಾಮ್ ವಾಟ್ಸನ್ ಅವರ ಆರನೆಯ ಓಪನ್ ಗೆಲುವಿನ ಆಸೆ ಮುರಿದದ್ದು ಇಲ್ಲಿಯೇ.

ಈಗ ಗ್ರೀನನ್ನು ಗಮನಿಸಿ. ಅದು ಕಿರಿದು, ಸುತ್ತಲಿನ ನೆಲಕ್ಕಿಂತ ಎತ್ತರ, ಮತ್ತು ಬರುವ ಹಾದಿಗೆ ನೇರವಾಗಿರದೆ ಓರೆಯಾಗಿ ಮಲಗಿದೆ. ಅದರ ಮುಂದಿನ ಎಡಭಾಗವನ್ನು ಕೊರೆದಂತೆ ರೋಡ್ ಬಂಕರ್ ಇದೆ. ಗ್ರೀನಿನ ಅಂಚಿನಿಂದ ಟೀಯ ಕಡೆ ನೂರೈವತ್ತು ಗಜ ಹಿಂದಕ್ಕೆ ನಡೆದು, ಮೊದಲು ಫೇರ್‌ವೇಯ ಎಡ ಅಂಚಿನಲ್ಲಿ (ಎಡ, ಬಲ ಎಂಬುದನ್ನೆಲ್ಲ ಆಟಗಾರ ಗ್ರೀನಿಗೆ ಮುಖಮಾಡಿದಾಗಿನ ಲೆಕ್ಕದಲ್ಲಿ ಹೇಳುತ್ತಿದ್ದೇನೆ) ನಿಂತು ಬಾವುಟವನ್ನು ನೋಡಿ. ಬಂಕರ್ ಅಡ್ಡ ಬರುತ್ತದೆ. ಅದನ್ನು ದಾಟಿಸಿ ಹೊಡೆದ ಚೆಂಡು ನಿಲ್ಲಲು ಸಿಗುವ ಹುಲ್ಲು ಕೆಲವೇ ಹೆಜ್ಜೆ, ಅದರಾಚೆ ರಸ್ತೆ. ಬಳಿಕ ಅಡ್ಡಲಾಗಿ ನಡೆದು ಬಲ ಅಂಚಿಗೆ ಬಂದು ಅದೇ ಬಾವುಟವನ್ನು ನೋಡಿ. ಬಂಕರ್ ಬದಿಗೆ ಸರಿದಿದೆ, ಗ್ರೀನ್ ತನ್ನ ಉದ್ದಕ್ಕೂ ನಿಮ್ಮೆಡೆಗೆ ತೆರೆದುಕೊಂಡಿದೆ.

ಬಲಗಡೆಯೇ ಒಳ್ಳೆಯದಾದರೆ ಎಲ್ಲರೂ ಅಲ್ಲಿಗೇ ಏಕೆ ಹೊಡೆಯುವುದಿಲ್ಲ? ಉತ್ತರಕ್ಕಾಗಿ ಟೀಯವರೆಗೆ ನಡೆಯಬೇಕು. ಟೀಯಿಂದ ಬಲಕ್ಕೆ ಹೊಡೆಯಬೇಕಾದರೆ ಹೋಟೆಲಿನ ಅಂಚಿಗಿರುವ, ಹಳೆಯ ರೈಲ್ವೆ ಶೆಡ್ಡುಗಳ ಆಕಾರದ ಕಟ್ಟಡದ ಮೇಲಿಂದ ಚೆಂಡು ಹಾರಬೇಕು. ಆ ಬದಿಯೆಲ್ಲ ಔಟ್ ಆಫ್ ಬೌಂಡ್ಸ್. ಎಡಕ್ಕೆ ಹೊಡೆದರೆ ಮೊದಲ ಹೊಡೆತ ಸುರಕ್ಷಿತ, ಎರಡನೆಯದು ದುರ್ಗಮ. ಬಲಕ್ಕೆ ಹೊಡೆದರೆ ಮೊದಲನೆಯದಕ್ಕೆ ಧೈರ್ಯ ಬೇಕು, ಎರಡನೆಯದು ಹಗುರ. ಓರೆಯಾಗಿ ಮಲಗಿದ ಒಂದು ಗ್ರೀನ್ ನಾನೂರು ಗಜಕ್ಕೂ ಹೆಚ್ಚು ದೂರದಲ್ಲಿರುವ ಟೀಯ ಮೇಲೆ ನಿಂತವನನ್ನು ಯೋಚನೆಗೆ ಹಚ್ಚುತ್ತದೆ. ಇದನ್ನೇ ಆಯ್ಕೆಪ್ರಧಾನ ವಿನ್ಯಾಸ ಎನ್ನುವುದು. ತಪ್ಪಿದ ಹೊಡೆತಗಳನ್ನೆಲ್ಲ ಒಂದೇ ಸಮನೆ ದಂಡಿಸುವ ಬಗೆಗೆ ಶಿಕ್ಷಾಪ್ರಧಾನ ವಿನ್ಯಾಸ ಎಂಬ ಹೆಸರಿದೆ.

ಹೊರಡುವ ಮುನ್ನ ರೋಡ್ ಬಂಕರಿನ ಸುತ್ತಲಿನ ಹುಲ್ಲನ್ನು ನೋಡಿ. ಗುಂಡಿ ಚಿಕ್ಕದು, ಆದರೆ ಸುತ್ತಲ ನೆಲವೆಲ್ಲ ಅದರೊಳಕ್ಕೇ ಇಳಿಜಾರಾಗಿದೆ. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಎರಡೇ ಹೊಡೆತಗಳಲ್ಲಿ ಗ್ರೀನ್ ಮುಟ್ಟಿದ್ದರೂ, ಕುಳಿಯತ್ತ ಉರುಳಿಸಿದ ಚೆಂಡು ಈ ಇಳಿಜಾರಿಗೆ ಸಿಕ್ಕು ಬಂಕರಿಗೆ ಬಿತ್ತು; ಹೊರಬರಲು ನಾಲ್ಕು ಹೊಡೆತ ಬೇಕಾಗಿ ಒಟ್ಟು 9ರಲ್ಲಿ ಹೋಲ್ ಮುಗಿಸಿದರು. 2022ರಲ್ಲಿ ಕೊನೆಯ ದಿನ ಆಸ್ಟ್ರೇಲಿಯದ ಕ್ಯಾಮರಾನ್ ಸ್ಮಿತ್ ಇದೇ ಇಳಿಜಾರನ್ನು ಲೆಕ್ಕಹಾಕಿ, ಬಂಕರಿನ ಪಕ್ಕದಿಂದ ಬಳಸಿಕೊಂಡು ಹೋಗುವಂತೆ ಪಟರಿನಿಂದ (ಚೆಂಡನ್ನು ನೆಲದ ಮೇಲೆಯೇ ಉರುಳಿಸಲು ಬಳಸುವ ಕೋಲು) ಚೆಂಡನ್ನು ಉರುಳಿಸಿ ಪಾರ್ ಉಳಿಸಿಕೊಂಡು ಓಪನ್ ಗೆದ್ದರು.

ಎಚ್ಚರಿಕೆ: ಬಂಕರಿನ ಗಾತ್ರವನ್ನು ಮರಳಿನಿಂದ ಅಳೆಯಬೇಡಿ. ಚೆಂಡನ್ನು ಅದರೊಳಕ್ಕೆ ಎಳೆಯುವ ಇಳಿಜಾರು ಎಲ್ಲಿಂದ ಶುರುವಾಗುತ್ತದೋ ಅಲ್ಲಿಂದ ಅಳೆಯಿರಿ. ಒಳಗೆ ಇಳಿಯಲೂಬೇಡಿ. ಹುಲ್ಲುಹೆಂಟೆಗಳನ್ನು ಇಟ್ಟಿಗೆಯಂತೆ ಪದರಪದರವಾಗಿ ಪೇರಿಸಿ ಕಟ್ಟಿದ ಅದರ ಗೋಡೆ ತುಳಿದರೆ ಕುಸಿಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಅದನ್ನು ಕೈಯಿಂದಲೇ ಮತ್ತೆ ಕಟ್ಟುತ್ತಾರೆ. ಹಾಗೆಯೇ ಗ್ರೀನ್‌ಗಳ ಮೇಲೆ ನಡೆಯದೆ ಅಂಚಿನಿಂದಲೇ ನೋಡಿ.

ಹಂತ 5: 16 ಮತ್ತು 14ರಲ್ಲಿ ಅಗಲದ ಮರ್ಮವನ್ನು ಹುಡುಕಿ

17ರಲ್ಲಿ ಕಲಿತ ಪಾಠವನ್ನು 16ರಲ್ಲಿ ನೀವೇ ಪ್ರಯೋಗಿಸಿ. ಫೇರ್‌ವೇಯ ನಡುವೆ ಪ್ರಿನ್ಸಿಪಲ್ಸ್ ನೋಸ್ ಎಂಬ ಮೂರು ಬಂಕರುಗಳ ಗುಂಪಿದೆ. ಅದರ ಬಲಕ್ಕೆ, ಹಳೆಯ ರೈಲುಹಾದಿಯ ಬೇಲಿಯವರೆಗೆ, ಒಂದು ಕಿರುದಾರಿ. ಎಡಕ್ಕೆ ಬೇಕಾದಷ್ಟು ಜಾಗ. ಯಾವ ಬದಿಯಿಂದ ಗ್ರೀನ್ ಚೆನ್ನಾಗಿ ತೆರೆದುಕೊಳ್ಳುತ್ತದೆಂದು ಗ್ರೀನಿನಿಂದ ಹಿಂದಕ್ಕೆ ನಡೆಯುತ್ತ ಕಂಡುಕೊಂಡು ಬರೆದಿಡಿ. ಇಲ್ಲಿ ಉತ್ತರವನ್ನು ನಾನು ಹೇಳುವುದಿಲ್ಲ, 17ನ್ನು ಸರಿಯಾಗಿ ನೋಡಿದವರಿಗೆ ಅದು ತಾನಾಗಿ ಹೊಳೆಯುತ್ತದೆ.

15ನ್ನು ದಾಟಿ 14ಕ್ಕೆ ಬನ್ನಿ. ಇಡೀ ಕೋರ್ಸಿನಲ್ಲಿ ಪಾರ್ 5 ಹೋಲ್‌ಗಳು ಎರಡೇ, 5 ಮತ್ತು 14. ಗ್ರೀನಿನಿಂದ ನೂರು ಗಜದ ಆಸುಪಾಸಿನಲ್ಲಿ ಸುಮಾರು 10 ಅಡಿ ಆಳದ ಹೆಲ್ ಬಂಕರ್, ಅಂದರೆ ನರಕದ ಗುಂಡಿ ಇದೆ. 1995ರಲ್ಲಿ ಜ್ಯಾಕ್ ನಿಕ್ಲಾಸ್ ಅಂಥವರೇ ಇದರಿಂದ ಹೊರಬರಲು ನಾಲ್ಕು ಹೊಡೆತ ತೆಗೆದುಕೊಂಡು ಹೋಲನ್ನು 10ರಲ್ಲಿ ಮುಗಿಸಿದರು. ಆದರೆ ಗುಂಡಿಯ ಆಳವನ್ನಷ್ಟೇ ನೋಡಿ ಬೆರಗಾಗಿ ಹಿಂತಿರುಗಿದರೆ ಹೋಲಿನ ಅರ್ಥ ಕೈತಪ್ಪುತ್ತದೆ. ಅದರ ಅಂಚಿನಲ್ಲಿ ನಿಂತು ಟೀಯ ಕಡೆ ನೋಡುತ್ತ, ಎರಡನೇ ಹೊಡೆತಕ್ಕೆ ಸಿದ್ಧನಾದ ಆಟಗಾರನ ಮುಂದಿರುವ ದಾರಿಗಳನ್ನು ಎಣಿಸಿ. ಬಂಕರಿನ ಮೇಲಿಂದ ಹಾರಿಸಬಹುದು, ಅದಕ್ಕೆ ಮುನ್ನವೇ ನಿಲ್ಲಿಸಬಹುದು, ಎಡಕ್ಕೆ ತಿರುಗಿ 5ನೇ ಹೋಲಿನ ಫೇರ್‌ವೇಯಲ್ಲಿ ಸಾಗಿ ಬಳಸಿಕೊಂಡು ಬರಬಹುದು. ಮೊದಲ ಹೊಡೆತದ ಮಟ್ಟಿಗೂ ಹೀಗೆಯೇ: ಎಡಕ್ಕೆ ಬಿಯರ್ಡೀಸ್ ಎಂಬ ಬಂಕರುಗಳು, ಬಲಕ್ಕೆ ಗಡಿಗೋಡೆ, ನಡುವೆ ಎಲಿಸಿಯನ್ ಫೀಲ್ಡ್ಸ್ ಎಂಬ ಸಮತಟ್ಟು ನೆಲ.

ಮರದ ಸಾಲುಗಳ ನಡುವಿನ ಕೋರ್ಸುಗಳಿಗೆ ಒಗ್ಗಿದ ನಮಗೆ ಕಿರಿದಾದದ್ದೇ ಕಠಿಣ ಎಂಬ ಭಾವನೆ ಬೇರೂರಿದೆ. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂತಹ, ನಗರದ ನಡುವೆ ಉಳಿದುಕೊಂಡಿರುವ ಕೋರ್ಸನ್ನು ಬಲ್ಲವರಿಗೆ ಓಲ್ಡ್ ಕೋರ್ಸಿನ ಅಗಲ ಸಡಿಲವಾಗಿ, ಅಳತೆಯಿಲ್ಲದ್ದಾಗಿ ತೋರುವುದು ಸಹಜ. ಆದರೆ ಹಾದಿ ಕಿರಿದಾದಾಗ ಆಟಗಾರನಿಗೆ ಯೋಚಿಸಲು ಏನೂ ಇರುವುದಿಲ್ಲ, ನೇರವಾಗಿ ಹೊಡೆದರೆ ಮುಗಿಯಿತು. ಅಗಲವಿದ್ದಾಗ ಮಾತ್ರ ಸರಿಯಾದ ಅರ್ಧ, ತಪ್ಪಾದ ಅರ್ಧ ಎಂಬ ಭೇದ ಹುಟ್ಟುತ್ತದೆ. ಗಾಲ್ಫ್ ಕೋರ್ಸುಗಳ ವಿನ್ಯಾಸಕಾರ ಅಲಿಸ್ಟರ್ ಮೆಕೆಂಜಿ ಇದನ್ನು ಆಳವಾಗಿ ಅರಿತವರು. ಓಲ್ಡ್ ಕೋರ್ಸನ್ನು ಗಜಗಜವಾಗಿ ಅಳೆದು 1924ರಲ್ಲಿ ಅವರು ಮಾಡಿದ ನಕ್ಷೆ ಇಂದಿಗೂ ಬಳಕೆಯಲ್ಲಿದೆ. ಮುಂದೆ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಜೊತೆಗೂಡಿ ಅಮೆರಿಕದಲ್ಲಿ ಆಗಸ್ಟ ನ್ಯಾಷನಲ್ ಕೋರ್ಸನ್ನು ರೂಪಿಸುವಾಗ ಅಗಲವಾದ ಫೇರ್‌ವೇ, ಕಡಿಮೆ ಬಂಕರ್, ಹೆಚ್ಚು ಯೋಚನೆ ಎಂಬ ಪಾಠವನ್ನು ಅವರು ಇಲ್ಲಿಂದಲೇ ಒಯ್ದರು.

ಹಂತ 6: 12ರಲ್ಲಿ ಹಿಂತಿರುಗಿ ನೋಡಿ

13ನ್ನು ದಾಟುವಾಗ ಅದು 5ನೆಯದರೊಂದಿಗೆ ಹಂಚಿಕೊಂಡಿರುವ ಗ್ರೀನಿನ ವಿಸ್ತಾರವನ್ನು ಕಣ್ಣಳತೆ ಮಾಡಿ. ಅದು 37,000 ಚದರ ಅಡಿಗೂ ಹೆಚ್ಚು. ಅಲ್ಲಿಂದ 12ನೇ ಗ್ರೀನಿಗೆ ಹೋಗಿ ಟೀಯ ಕಡೆ ಮುಖಮಾಡಿದರೆ ಫೇರ್‌ವೇಯಲ್ಲಿ ಹಲವು ಬಂಕರುಗಳು ಬಾಯ್ದೆರೆದುಕೊಂಡಿರುವುದು ಕಾಣುತ್ತದೆ. ಅವನ್ನು ಎಣಿಸಿಕೊಂಡು ಟೀಯವರೆಗೆ ನಡೆದು, ಅಲ್ಲಿ ನಿಂತು ತಿರುಗಿ ನೋಡಿ. ಒಂದೂ ಕಾಣುವುದಿಲ್ಲ! ಹಸಿರು ಹಾಸಿದ ನಿರಪಾಯದ ಬಯಲು ಮಾತ್ರ. ಹಿಂದೆ ಪ್ರದಕ್ಷಿಣವಾಗಿ ಆಡುತ್ತಿದ್ದಾಗ ಎದುರಿಗೇ ಕಾಣುತ್ತಿದ್ದ ಬಂಕರುಗಳು, ಆಟದ ದಿಕ್ಕು ಬದಲಾದ ಮೇಲೆ ಉಬ್ಬುಗಳ ಮರೆಗೆ ಸರಿದುಬಿಟ್ಟಿವೆ. ನಾನು ಮೊದಲ ಸಲ ಹೋದಾಗ ಮೊದಲ ಟೀಯಿಂದ ಕ್ರಮವಾಗಿ ನಡೆದು ಇವನ್ನು ಪೂರ್ತಿಯಾಗಿ ತಪ್ಪಿಸಿಕೊಂಡಿದ್ದೆ. ಹಿಮ್ಮುಖವಾಗಿ ನಡೆಯುವ ಅಭ್ಯಾಸ ಶುರುವಾದದ್ದು ಆ ಬಳಿಕವೇ.

ಕಣ್ಣಿಗೆ ಕಾಣದ ಬಂಕರ್ ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ಒಮ್ಮೆ ಆಡಿ ಮುಗಿಸುವ ಕೋರ್ಸಾದರೆ ಅನ್ಯಾಯವೆನ್ನಬಹುದು. ಆದರೆ ಊರಿನವರು ಬದುಕಿಡೀ ಆಡುವ ನೆಲವಿದು, ಇಲ್ಲಿ ನೆನಪೂ ಒಂದು ಸಾಮರ್ಥ್ಯವೆಂದು ನನ್ನ ಅಭಿಪ್ರಾಯ. ಕೋರ್ಸಿನಲ್ಲಿ ಒಟ್ಟು 112 ಬಂಕರುಗಳಿವೆ. 2000ದ ಓಪನ್‌ನಲ್ಲಿ ಟೈಗರ್ ವುಡ್ಸ್ ನಾಲ್ಕು ದಿನ, 72 ಹೋಲ್ ಆಡಿ ಒಂದೇ ಒಂದಕ್ಕೂ ಬೀಳದೆ ಎಂಟು ಹೊಡೆತಗಳ ಅಂತರದಿಂದ ಗೆದ್ದರು.

ಹಂತ 7: 11ನೇ ಗ್ರೀನಿನ ಇಳಿಜಾರನ್ನು ಅಳೆಯಿರಿ

8 ಮತ್ತು 11 ಮಾತ್ರ ಪಾರ್ 3, ಎಂದರೆ ಟೀಯಿಂದ ಒಂದೇ ಹೊಡೆತಕ್ಕೆ ಗ್ರೀನ್ ಮುಟ್ಟಬೇಕಾದವು. ಸುಮಾರು 170 ಗಜದ 11ನೆಯದರಲ್ಲಿ ಗ್ರೀನಿನ ಮುಂದೆ ಸ್ಟ್ರಾತ್, ಎಡಕ್ಕೆ ಹಿಲ್ ಎಂಬ ಎರಡು ಬಂಕರುಗಳಿವೆ, ಹಿಂದೆ ಈಡನ್ ಅಳಿವೆ. ಬದಿಯಿಂದ ನೋಡಿ: ಗ್ರೀನ್ ಹಿಂದಿನಿಂದ ಮುಂದಕ್ಕೆ ಕಡಿದಾಗಿ ಇಳಿಯುತ್ತದೆ. ಬಂಕರಿಗೆ ಹೆದರಿ ಜೋರಾಗಿ ಹೊಡೆದವನ ಚೆಂಡು ಹಿಂಬದಿಗೆ ಹೋಗಿ ನಿಲ್ಲುತ್ತದೆ, ಅಲ್ಲಿಂದ ಇಳಿಜಾರಿನಲ್ಲಿ ಕುಳಿಯ ಬಳಿ ಅದನ್ನು ನಿಲ್ಲಿಸುವುದು ಬಂಕರಿನಿಂದ ಬಿಡಿಸಿಕೊಳ್ಳುವಷ್ಟೇ ಕಷ್ಟ. 1921ರಲ್ಲಿ 19ರ ಹರೆಯದ ಬಾಬಿ ಜೋನ್ಸ್ ಹಿಲ್ ಬಂಕರಿನಲ್ಲಿ ಸಿಲುಕಿ, ತಾಳ್ಮೆ ಕಳೆದುಕೊಂಡು ಸ್ಪರ್ಧೆಯಿಂದಲೇ ಹಿಂದೆ ಸರಿದರು. 1927ರಲ್ಲಿ ಇಲ್ಲಿಗೇ ಮರಳಿ ಬಂದು ಓಪನ್ ಗೆದ್ದರು.

ಈ ಹೋಲನ್ನೂ 17ನ್ನೂ ನೆನಪಿನಲ್ಲಿಟ್ಟುಕೊಂಡರೆ ಬೇರೆ ದೇಶಗಳ ಕೋರ್ಸುಗಳಲ್ಲಿ ಅವುಗಳ ನೆರಳನ್ನು ಗುರುತಿಸಬಹುದು. 1872ರಲ್ಲಿ ಓದಲೆಂದು ಸೇಂಟ್ ಆಂಡ್ರೂಸ್‌ಗೆ ಬಂದಿದ್ದ ಅಮೆರಿಕದ ಹುಡುಗ ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಮುಂದೆ ಲಾಂಗ್ ಐಲೆಂಡಿನಲ್ಲಿ ನ್ಯಾಷನಲ್ ಗಾಲ್ಫ್ ಲಿಂಕ್ಸ್ ರೂಪಿಸುವಾಗ ಈಡನ್, ಸೇಂಟ್ ಆಂಡ್ರೂಸ್ ಎಂಬ ಹೆಸರುಗಳಲ್ಲಿ ಇವೆರಡರ ತತ್ವಗಳನ್ನು ಅಲ್ಲಿ ನೆಟ್ಟರು.

ಎಚ್ಚರಿಕೆ: ಹಳೆಯ ಕೋರ್ಸ್ ಎಂದಾಕ್ಷಣ ಯಾವುದೂ ಬದಲಾಗಿಲ್ಲವೆಂದು ತಿಳಿಯಬೇಡಿ. ಯಂತ್ರಗಳು ಹುಲ್ಲನ್ನು ಹೆಚ್ಚು ಹೆಚ್ಚು ನುಣುಪಾಗಿ ಕತ್ತರಿಸತೊಡಗಿದಂತೆ ಚೆಂಡಿನ ಓಟ ಹೆಚ್ಚಿ, ಹಿಂದೆ ತಡೆದುಕೊಳ್ಳುತ್ತಿದ್ದ ಇಳಿಜಾರುಗಳಲ್ಲಿ ಅದು ನಿಲ್ಲದಾಯಿತು. ಅದಕ್ಕಾಗಿ 2012ರ ಕೊನೆಯಲ್ಲಿ 11ನೇ ಗ್ರೀನಿನ ಹಿಂದಿನ ಎಡಭಾಗವನ್ನು ತಗ್ಗಿಸುವ ಕೆಲಸ ಶುರುವಾದಾಗ ದೊಡ್ಡ ವಿವಾದವಾಯಿತು. 2015ರ ಓಪನ್‌ನಲ್ಲಿ ಬಲವಾದ ಗಾಳಿಗೆ ಚೆಂಡುಗಳು ಗ್ರೀನಿನ ಮೇಲೆ ಅಲುಗಾಡತೊಡಗಿ ಶನಿವಾರದ ಆಟವನ್ನು ಗಂಟೆಗಟ್ಟಲೆ ನಿಲ್ಲಿಸಬೇಕಾಯಿತು. ಚೆಂಡು ದೂರ ಹಾರತೊಡಗಿದ್ದರಿಂದ 2010ರಲ್ಲಿ 17ನೇ ಟೀಯನ್ನು ಹಿಂದಕ್ಕೊಯ್ದು ಹೋಲಿನ ಉದ್ದವನ್ನು 455ರಿಂದ 495 ಗಜಕ್ಕೆ ಏರಿಸಿದರು. ಟೀ ಹಿಂದಕ್ಕೆ ಹೋದರೆ ನನಗೆ ಬೇಸರವಿಲ್ಲ, ಏಕೆಂದರೆ ಹೋಲಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಗ್ರೀನಿನ ಬಾಗನ್ನು ತಿದ್ದಿದಾಗ ಪ್ರಶ್ನೆಯೇ ಬದಲಾಗುತ್ತದೆ. ಹುಲ್ಲನ್ನು ಒಂದಿಷ್ಟು ಉದ್ದ ಬಿಡುವುದು ನೆಲವನ್ನು ಕೆರೆಯುವುದಕ್ಕಿಂತ ಎಷ್ಟೋ ಮೇಲು.

ಹಂತ 8: ಊರಿನ ಕಡೆಗೆ ಮರಳಿ, ಮರುದಿನ ಆಟ ನೋಡಿ

10ರಿಂದ 7ರವರೆಗಿನ ಸುತ್ತು ಚಪ್ಪಟೆ ನೆಲ, ಅಲ್ಲಿ ಹೆಚ್ಚು ನಿಲ್ಲಬೇಕಾಗಿಲ್ಲ. 6ರಿಂದ 2ರವರೆಗೆ ಗ್ರೀನಿನಿಂದ ಟೀಗೆ ಹಿಂದಿನಂತೆಯೇ ನಡೆಯುತ್ತ, ಪ್ರತಿ ಹೋಲಿಗೂ ಒಂದೊಂದೇ ಸಾಲು ಬರೆಯಿರಿ: ಗ್ರೀನ್ ಯಾವ ಬದಿಗೆ ತೆರೆದುಕೊಂಡಿದೆ, ಆ ಬದಿಗೆ ಬರುವವನನ್ನು ಏನು ಕಾಡುತ್ತದೆ. ಈ ಸಾಲುಗಳಲ್ಲಿ ಅನೇಕ ಕಡೆ ಎಡಕ್ಕೆ ಸುರಕ್ಷೆ, ಬಲಕ್ಕೆ ಲಾಭ ಎಂಬುದು ಮರುಕಳಿಸುತ್ತದೆ. ಆದರೆ ಅದನ್ನೇ ನಿಯಮವೆಂದು ಹಿಡಿದು ನೋಡುವುದನ್ನು ನಿಲ್ಲಿಸಬೇಡಿ. ಕೊನೆಗೆ ಮೊದಲ ಗ್ರೀನಿನ ಅಂಚಿಗೆ ಅಂಟಿಕೊಂಡಂತೆ ಹರಿಯುವ ಸ್ವಿಲ್ಕನ್ ತೊರೆಯನ್ನು ನೋಡಿ. ಅಷ್ಟಗಲದ ಫೇರ್‌ವೇ ಕೊಟ್ಟು, ಹೆಜ್ಜೆ ಚಾಚಿ ದಾಟಬಹುದಾದ ನೀರಿನಿಂದ ಮೊದಲ ಹೋಲನ್ನು ಕಾಯುವ ಏರ್ಪಾಡು ಅದು.

ಸೋಮವಾರ ಬೆಳಿಗ್ಗೆ ಸಾಧ್ಯವಾದರೆ 17ನೇ ಗ್ರೀನಿನ ಹಿಂದಿನ ಗೋಡೆಯ ಬಳಿ, ರಸ್ತೆಯಾಚೆಗೆ ನಿಂತುಕೊಳ್ಳಿ. ಆಟವಿರುವ ದಿನ ಚೆಂಡುಗಳು ಹಾರುತ್ತಿರುತ್ತವೆ. ಎಚ್ಚರಿಕೆಯ ಕೂಗು ಕೇಳಿದರೆ ತಲೆ ತಗ್ಗಿಸಿ ಗೋಡೆಯ ಮರೆಗೆ ಸರಿಯಿರಿ. ನಾಲ್ಕೈದು ತಂಡಗಳು ಹೋಗುವವರೆಗೆ ಕಾಯಿರಿ. ಪ್ರತಿಯೊಬ್ಬರ ಮೊದಲ ಹೊಡೆತ ಫೇರ್‌ವೇಯ ಯಾವ ಬದಿಯಲ್ಲಿ ನಿಂತಿದೆ ಎಂದು ಗುರುತಿಸಿ, ಎರಡನೆಯದು ಎಲ್ಲಿ ಬೀಳಬಹುದೆಂದು ಅವರು ಹೊಡೆಯುವ ಮುನ್ನವೇ ಟಿಪ್ಪಣಿ ಪುಸ್ತಕದಲ್ಲಿ ಬರೆಯಿರಿ, ಆಮೇಲೆ ಚೆಂಡು ಇಳಿಯುವುದನ್ನು ನೋಡಿ.